ಹೊರಗಿನ ಅಣ್ಣತಮ್ಮಂದಿರು

ಪ್ರಶ್ನೆ: ನಾನು ಹೊಳೆಆಲೂರಿನ ಗೃಹಿಣಿ, ವಯಸ್ಸು ಮೂವತ್ತೆಂಟು. ನಮ್ಮನೆಯವರದು ಊರಲ್ಲೇ ಬೀಜ, ಗೊಬ್ಬರದ ಅಂಗಡಿ. ಮಗಳು ಗದಗದ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಾಳೆ, ಮಗ ಎಂಟನೇ ಕ್ಲಾಸು. ಅತ್ತೆಯವರು ನಮ್ಮ ಜೊತೆಗೇ ಇದ್ದಾರೆ. ಅಂಗಡಿ ವ್ಯವಹಾರ ನಿಮಗೆ ಗೊತ್ತಿರಬಹುದು. ಮುಂಗಾರಿಗೆ ಉದ್ರಿ ಕೊಡಬೇಕು, ಹೆಸರು ಬಂದ ಮೇಲೆ ವಸೂಲಿ. ಹೆಸರು ಕೈಕೊಟ್ಟರೆ ಕಡಲೆ ಬರುವ ತನಕ ಕಾಯಬೇಕು.

ವ್ಯಾಪಾರದ ಸಲುವಾಗಿ ಬೆಳಗಾವಿಗೆ ಹೋಗಿ ಬರುವಾಗ ಇವರಿಗೆ ಅಲ್ಲಿನ ಒಬ್ಬ ಹಿರಿಯ ವ್ಯಾಪಾರಿಯ ಸ್ನೇಹವಾಯಿತು. ಅವರ ಉಂಗುರದ ಮೇಲಿನ ಗುರುತು ನೋಡಿ ಇವರೇ ಏನೆಂದು ಕೇಳಿದರಂತೆ. ಅವರು ಫ್ರೀಮೇಸನ್ ಲಾಡ್ಜಿನ ಸದಸ್ಯರು. ಈಗ ಇವರಿಗೂ ಸೇರುವ ಆಸೆ. ತಿಂಗಳಿಗೊಮ್ಮೆ ಸಭೆ, ರಾತ್ರಿ ಅಲ್ಲೇ ಉಳಿಯಬೇಕಾಗುತ್ತದೆ. ಒಳಗೆ ಏನು ಮಾಡುತ್ತಾರೆ ಎಂದು ಕೇಳಿದರೆ "ಅದನ್ನ ಮನಿಯಾಗೂ ಹೇಳಬಾರದು ಅಂತ ನಿಯಮ ಐತಿ" ಅನ್ನುತ್ತಾರೆ. ಇಷ್ಟು ವರ್ಷದ ಸಂಸಾರದಲ್ಲಿ ಇವರು ನನ್ನಿಂದ ಮುಚ್ಚಿಟ್ಟ ಮಾತೇ ಇರಲಿಲ್ಲ. ನನ್ನ ತಮ್ಮ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಸೈತಾನನ ಪೂಜೆ ಮಾಡುತ್ತಾರೆ, ರಕ್ತದ ಆಣೆ ಹಾಕಿಸುತ್ತಾರೆ ಎಂದೆಲ್ಲ ಅದರಲ್ಲಿತ್ತು. ಅಂದಿನಿಂದ ಅತ್ತೆಯವರು ಸರಿಯಾಗಿ ಊಟ ಮಾಡುತ್ತಿಲ್ಲ. "ಕೊರಳಾಗ ಲಿಂಗ ಇದ್ದಾಂವ ಅಲ್ಲಿಗೆ ಯಾಕ ಹೋಗಬೇಕು" ಅನ್ನುತ್ತಾರೆ. ಓಣಿಯಲ್ಲಿ ಯಾರೋ "ಲಾಡ್ಜಿಗೆ ಹೋಗತಾನಂತ" ಎಂದು ಬೇರೆ ಅರ್ಥದಲ್ಲೇ ಆಡಿಕೊಂಡರು.

ಇನ್ನೊಂದು ಮಾತು ಬರೆಯಲು ಸಂಕೋಚ. ಇವರ ಸ್ವಂತ ಅಣ್ಣ ಇದೇ ಊರಲ್ಲಿದ್ದಾರೆ. ಹೊಲದ ಪಾಲಿನಲ್ಲಿ ಮನಸ್ತಾಪವಾಗಿ ಆರು ವರ್ಷದಿಂದ ಮಾತಿಲ್ಲ. ನಾನೂ ನನ್ನ ನೆಗೆಣ್ಣಿಯೂ ಸಂತೆಯಲ್ಲಿ ಸಿಕ್ಕರೆ ಯಾರಿಗೂ ಕಾಣದಂತೆ ಮಾತಾಡುತ್ತೇವೆ. ಸ್ವಂತ ಅಣ್ಣನ ಹೊಸ್ತಿಲು ತುಳಿಯದವರು ಬೆಳಗಾವಿಯಲ್ಲಿ ಗುರುತಿಲ್ಲದವರನ್ನು 'ಬ್ರದರ್' ಎಂದು ಕರೆಯಲು ಹೊರಟಿದ್ದಾರೆ. ಇದು ನನಗೆ ಸಹಿಸಲಾಗುತ್ತಿಲ್ಲ. ಬೇಡ ಅಂದರೆ ಕೇಳುತ್ತಾರೆ, ಆದರೆ ಮನಸ್ಸು ಮುರಿಯುತ್ತದೆ. ಏನು ಮಾಡಲಿ?

ಹೆಸರು ಪ್ರಕಟಿಸಬೇಡಿ, ಹೊಳೆಆಲೂರು, ರೋಣ ತಾಲ್ಲೂಕು

ಉತ್ತರ: ತಂಗಿ, ಮೊದಲು ಅತ್ತೆಯವರಿಗೆ ಹೊಟ್ಟೆ ತುಂಬ ಊಟ ಮಾಡಲು ಹೇಳಿ. ಅವರ ಮಗ ಸೇರಬೇಕೆಂದಿರುವ ಸಂಸ್ಥೆ ದೇವರನ್ನು ನಂಬದವನನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಯಾವ ದೇವರು ಎಂದು ಅದು ಕೇಳುವುದಿಲ್ಲ, ಅಷ್ಟೆ. ನಮ್ಮ ದೇಶದ ಲಾಡ್ಜುಗಳಲ್ಲಿ ಗೀತೆ, ಕುರಾನ್, ಬೈಬಲ್, ಗುರುಗ್ರಂಥ, ಪಾರಸಿಗಳ ಅವೆಸ್ತಾ ಇವೆಲ್ಲ ಪವಿತ್ರ ಗ್ರಂಥಗಳೇ. ಹೊಸದಾಗಿ ಸೇರುವವನು ತನ್ನ ಧರ್ಮದ ಗ್ರಂಥದ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತಾನೆ. ಸಭೆಯೊಳಗೆ ಧರ್ಮದ ವಾದವನ್ನೂ ರಾಜಕೀಯವನ್ನೂ ಎತ್ತುವಂತಿಲ್ಲ. ನರೇಂದ್ರನಾಥ ದತ್ತ ಎಂಬ ತರುಣ 1884ರಲ್ಲಿ ಕಲ್ಕತ್ತೆಯ ಒಂದು ಲಾಡ್ಜಿಗೆ ಸೇರಿದ್ದರು. ಮುಂದೆ ಅವರೇ ಸ್ವಾಮಿ ವಿವೇಕಾನಂದರಾದರು. ಇಷ್ಟನ್ನು ಅತ್ತೆಯವರಿಗೆ ಓದಿ ಹೇಳಿ.

ನಿಮ್ಮ ತಮ್ಮ ತೋರಿಸಿದ ವಿಡಿಯೊದ ಕಥೆ ಹಳೆಯದು. ಫ್ರಾನ್ಸಿನಲ್ಲಿ ಲಿಯೋ ತಾಕ್ಸಿಲ್ ಎಂಬ ಬರಹಗಾರನಿದ್ದ. ಮೇಸನ್ನರು ಸೈತಾನನನ್ನು ಪೂಜಿಸುತ್ತಾರೆಂದು ವರ್ಷಗಟ್ಟಲೆ ಬರೆದ, ಜನ ನಂಬಿದರು, ಪುಸ್ತಕಗಳು ಖರ್ಚಾದವು. 1897ರಲ್ಲಿ ಪ್ಯಾರಿಸ್‌ನಲ್ಲಿ ಸಭೆ ಕರೆದು, ಅದೆಲ್ಲ ತಾನೇ ಕಟ್ಟಿದ ಸುಳ್ಳೆಂದು ಅವನೇ ಹೇಳಿದ. ಸುಳ್ಳು ಕಟ್ಟಿದವನೇ ಒಪ್ಪಿಕೊಂಡು ನೂರು ವರ್ಷದ ಮೇಲಾಯಿತು, ಆ ಸುಳ್ಳು ಇನ್ನೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿದೆ. ಆದರೆ ಒಂದು ಎಚ್ಚರಿಕೆಯನ್ನು ನಿಮ್ಮ ತಮ್ಮನಿಗೂ ಮಗನಿಗೂ ಹೇಳಿಡಿ. 'ನಮ್ಮ ಗುಪ್ತ ಸಂಘ ಸೇರಿದರೆ ಕೋಟಿ ಬರುತ್ತದೆ, ಮೊದಲು ಇಷ್ಟು ದುಡ್ಡು ಹಾಕಿ' ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಸಂದೇಶಗಳಿವೆ. ಅವು ನೂರಕ್ಕೆ ನೂರು ಮೋಸ. ನಿಜವಾದ ಲಾಡ್ಜು ಹಾಗೆ ಕರೆಯುವುದಿಲ್ಲ. ಸೇರಬೇಕೆನ್ನುವವನೇ ಕೇಳಬೇಕು, ನಿಮ್ಮ ಯಜಮಾನರು ಕೇಳಿದ ಹಾಗೆ.

ಇನ್ನು ಇದು ಏನು, ಎಲ್ಲಿಂದ ಬಂತು ಎಂಬುದು. ಯುರೋಪಿನ ಕಲ್ಲುಕುಟಿಗರು, ನಮ್ಮ ಕಡೆ ಗೌಂಡಿಗಳು ಅನ್ನುತ್ತೇವಲ್ಲ, ಅವರು ದೊಡ್ಡ ಕಟ್ಟಡ ಕಟ್ಟುವಲ್ಲಿ ಕಟ್ಟಿಕೊಂಡಿದ್ದ ಕೂಟಗಳು ಇದರ ಮೂಲ. ಮೂಲೆಮಟ್ಟ, ಕೈವಾರ, ಸೊಂಟಕ್ಕೆ ಕಟ್ಟುವ ಏಪ್ರನ್ ಎಲ್ಲ ಅಲ್ಲಿಂದ ಬಂದವು. ಆ ಹಿರಿಯರ ಉಂಗುರದ ಮೇಲಿದ್ದದ್ದು ಆ ಮೂಲೆಮಟ್ಟ ಮತ್ತು ಕೈವಾರವೇ ಇರಬೇಕು. ಕಲ್ಲು ಮುಟ್ಟದವರೂ ಸೇರತೊಡಗಿದ ಮೇಲೆ 1717ರಲ್ಲಿ ಲಂಡನ್ನಿನಲ್ಲಿ ಮೊದಲ ಗ್ರ್ಯಾಂಡ್ ಲಾಡ್ಜ್ ಆಯಿತು. ಕಲ್ಕತ್ತೆಯಲ್ಲಿ 1730ರ ಹೊತ್ತಿಗೆ ಲಾಡ್ಜಿತ್ತು. ಇಂಗ್ಲಿಷರ ದಂಡು ಬಿಡಾರ ಹೂಡಿದಲ್ಲೆಲ್ಲ ಒಂದೊಂದು ತಲೆಯೆತ್ತಿತು. ನಮ್ಮಲ್ಲಿ ಬೆಂಗಳೂರು, ಬೆಳಗಾವಿಯ ಕ್ಯಾಂಪುಗಳಿಗೆ ಇದು ಬಂದದ್ದು ಹಾಗೆ.

ಆಗ ನಮ್ಮವರನ್ನು ಬಾಗಿಲಲ್ಲೇ ನಿಲ್ಲಿಸಿದ್ದರು. ಎಲ್ಲ ಮನುಷ್ಯರೂ ಅಣ್ಣತಮ್ಮಂದಿರು ಎಂದು ಒಳಗೆ ಪಾಠ ಹೇಳುತ್ತಿದ್ದವರು ಹೊರಗೆ ನಿಂತ ಕರಿಯ ಮೈಯವನನ್ನು ಒಳಗೆ ಕರೆಯುತ್ತಿರಲಿಲ್ಲ. ಮುಂಬಯಿಯಲ್ಲಿ ಮಾಣೆಕ್‌ಜಿ ಕರ್ಸೆಟ್‌ಜಿ ಎಂಬ ಪಾರಸಿ ಗೃಹಸ್ಥರು ಪಟ್ಟು ಬಿಡದೆ ನಿಂತದ್ದರಿಂದ 1843ರಲ್ಲಿ ಭಾರತೀಯರಿಗೂ ತೆರೆದ ಲಾಡ್ಜು ಅಲ್ಲಿ ಆಯಿತು. ಕಲ್ಕತ್ತೆಯಲ್ಲಿ ಪ್ರಸನ್ನಕುಮಾರ ದತ್ತರು ಬಹಳ ಕಾಲ ವಾದ ಮಾಡಿ 1872ರಲ್ಲಿ ಒಳಗೆ ಹೋದರು. ಹಿಂದೂಗಳಿಗೆ ದೇವರು ಅನೇಕ, ಹಾಗಾಗಿ ನೀವು ಸಲ್ಲುವುದಿಲ್ಲ ಎಂಬುದು ಅವರ ಮುಂದಿಟ್ಟಿದ್ದ ತಕರಾರು. ಕೊನೆಗೆ 1961ರ ನವೆಂಬರ್‌ನಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಗಿ ಆಡಳಿತ ನಮ್ಮವರ ಕೈಗೆ ಬಂತು. ಈ ಚರಿತ್ರೆ ನಿಮಗೆ ಯಾಕೆ ಹೇಳಿದೆನೆಂದರೆ, ಭ್ರಾತೃತ್ವ ಎಂದು ಬೋರ್ಡು ಹಾಕಿಕೊಂಡ ಸಂಸ್ಥೆಯನ್ನು ಅದರ ಮಂತ್ರದಿಂದ ಅಳೆಯಬಾರದು. ಯಾರನ್ನು ಒಳಗೆ ಬಿಡುತ್ತದೆ, ಯಾರಿಗೆ ಲೆಕ್ಕ ಒಪ್ಪಿಸುತ್ತದೆ ಎಂಬುದರಿಂದ ಅಳೆಯಬೇಕು. ಹೆಂಗಸರಿಗೆ ಆ ಬಾಗಿಲು ಇಂದಿಗೂ ತೆರೆದಿಲ್ಲ. ನಿಮ್ಮ ಸಂಕಟದ ಒಂದು ಭಾಗ ಅದೇ, ಅದು ನ್ಯಾಯವಾದ ಸಂಕಟ.

ನಮ್ಮ ನೆಲಕ್ಕೆ ಇಂಥ ಕೂಟ ಹೊಸದೂ ಅಲ್ಲ. ನಿಮ್ಮ ಊರಿನ ಪಕ್ಕದ ಮಲಪ್ರಭೆ ಕೆಳಗೆ ಹರಿದು ಪಟ್ಟದಕಲ್ಲು, ಐಹೊಳೆಗಳನ್ನು ಮುಟ್ಟುತ್ತಾಳೆ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲಿನ ಶಾಸನದಲ್ಲಿ ಇಂದಿಗೂ ಇದೆ. ಐಹೊಳೆಯ ಹೆಸರನ್ನೇ ಇಟ್ಟುಕೊಂಡ ಅಯ್ಯಾವೊಳೆ ಐನೂರ್ವರು ತಮ್ಮದೇ ಕಟ್ಟಳೆ, ತಮ್ಮದೇ ಧ್ವಜ ಇಟ್ಟುಕೊಂಡ ವ್ಯಾಪಾರಿಗಳ ಕೂಟ. ಸುಮಾತ್ರಾ ದ್ವೀಪದವರೆಗೆ ಅವರ ಶಾಸನ ಸಿಕ್ಕಿದೆ, ಊರೂರಲ್ಲಿ ಅವರು ದೇವಾಲಯಗಳಿಗೆ, ಕೆರೆಗಳಿಗೆ ದತ್ತಿ ಬಿಟ್ಟಿದ್ದಾರೆ. ದೂರದ ಊರಿಗೆ ಹೋದ ವ್ಯಾಪಾರಿಗೆ ತನ್ನವರು ಎನ್ನುವವರು ಬೇಕಾಗಿತ್ತು, ಕಟ್ಟಿಕೊಂಡರು. ನಿಮ್ಮ ಯಜಮಾನರಿಗೂ ಬೇಕಾಗಿದೆ.

ಈಗ ಗುಟ್ಟಿನ ಮಾತಿಗೆ ಬರೋಣ, ನಿಮ್ಮನ್ನು ಹೆಚ್ಚು ನೋಯಿಸಿರುವುದು ಅದೇ. ಲಾಡ್ಜಿನಲ್ಲಿ ನಿಜವಾಗಿ ಗುಟ್ಟಾಗಿರುವುದು ಬಹಳ ಸ್ವಲ್ಪ. ಒಬ್ಬರನ್ನೊಬ್ಬರು ಗುರುತಿಸುವ ಕೈಕುಲುಕು, ಕೆಲವು ಸನ್ನೆ, ಕೆಲವು ಶಬ್ದ. ಆಚರಣೆಯ ವಿವರ 1730ರಲ್ಲೇ ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚಾಗಿ ಪೇಟೆಗೆ ಬಂದಿದೆ. ಇಂದಿನ ಆಚರಣೆಯ ಒಂದು ಘಟ್ಟವನ್ನು ಹೇಳುತ್ತೇನೆ. ಹೊಸಬನನ್ನು ಬಾಗಿಲ ಹೊರಗೆ ನಿಲ್ಲಿಸಿ ಕಿಸೆಯಲ್ಲಿರುವ ಹಣ, ಮೈಮೇಲಿನ ಲೋಹದ ವಸ್ತು ಎಲ್ಲ ತೆಗೆಸುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಿ ಒಳಗೆ ಕರೆದೊಯ್ಯುತ್ತಾರೆ. ಪ್ರಮಾಣವಾಗಿ, ಕಣ್ಣಿನ ಬಟ್ಟೆ ಬಿಚ್ಚಿದ ಸ್ವಲ್ಪ ಹೊತ್ತಿಗೆ ಒಬ್ಬರು ಬಂದು, ಬಡವರ ಸಹಾಯಕ್ಕೆ ಏನಾದರೂ ಕೊಡಿ ಎಂದು ಕೇಳುತ್ತಾರೆ. ಅವನು ಕಿಸೆ ಮುಟ್ಟಿ ನೋಡಿಕೊಂಡರೆ ಕಾಸಿಲ್ಲ. ಕೊಡುವ ಮನಸ್ಸಿದ್ದೂ ಕೈ ಬರಿದಾಗಿ ನಿಲ್ಲುವುದು ಹೇಗಿರುತ್ತದೆಂದು ಆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಮುಂದೆ ಕಷ್ಟದಲ್ಲಿರುವವನು ಎದುರಾದರೆ ಈ ಕ್ಷಣವನ್ನು ನೆನೆಸಿಕೋ ಎಂದು ಹೇಳಿ ಕಳಿಸುತ್ತಾರೆ. ಉದ್ರಿ ಕೊಟ್ಟು ರೈತರ ಬರಿಗೈಯನ್ನು ದಿನವೂ ನೋಡುವ ಅಂಗಡಿಕಾರನಿಗೆ ಈ ಪಾಠ ಹೊಸದೇನಲ್ಲ. ಆದರೂ ಅವರು ಅದನ್ನು ಕಲಿಸುವ ರೀತಿ ನನಗೆ ಹಿಡಿಸಿದೆ.

ಇಲ್ಲಿ ಅತ್ತೆಯವರ ಪ್ರಶ್ನೆಗೆ ಒಂದು ತೂಕವಿದೆ. ಲೋಹ ತೆಗೆಸುವ ಪದ್ಧತಿ ಇದೆ, ಲಿಂಗದ ಕರಡಿಗೆ ಬೆಳ್ಳಿಯದು. ಕರಡಿಗೆ ಕೊರಳಲ್ಲೇ ಇರುತ್ತದೆಯೇ ಎಂದು ಅರ್ಜಿ ಕೊಡುವ ಮೊದಲೇ ಸ್ಪಷ್ಟವಾಗಿ ಕೇಳಿಕೊಳ್ಳಲಿ. ಅಲ್ಲಿಗೆ ಹೋದ ಮೇಲೆ ಮುಜುಗರ ಪಡುವುದು ಬೇಡ.

ಗುಟ್ಟುಗಳಲ್ಲಿ ಎರಡು ತರಹ ಇವೆ, ತಂಗಿ. ಸ್ತ್ರೀಶಕ್ತಿ ಸಂಘದಲ್ಲಿ ಒಬ್ಬಾಕೆ ಕಣ್ಣೀರು ಹಾಕಿ ಹೇಳಿಕೊಂಡದ್ದನ್ನು ನೀವು ಮನೆಗೆ ಬಂದು ಗಂಡನಿಗೆ ಹೇಳುವುದಿಲ್ಲ. ಬ್ಯಾಂಕಿನವರು ಗಿರಾಕಿಯ ಖಾತೆಯ ವಿಷಯ ಮನೆಯಲ್ಲಿ ಆಡುವುದಿಲ್ಲ. ಅದರಿಂದ ಸಂಸಾರಕ್ಕೆ ಏನೂ ಆಗುವುದಿಲ್ಲ. ಎಲ್ಲಿಗೆ ಹೋಗುತ್ತೇನೆ, ಯಾರ ಜೊತೆ, ಎಷ್ಟು ಖರ್ಚು, ಯಾವಾಗ ಬರುತ್ತೇನೆ, ಏನು ಮಾತು ಕೊಟ್ಟು ಬಂದೆ ಇವನ್ನು ಮುಚ್ಚಿಟ್ಟರೆ ಮಾತ್ರ ಸಂಸಾರಕ್ಕೆ ಪೆಟ್ಟಾಗುತ್ತದೆ. ಇಟಲಿಯಲ್ಲಿ 1981ರಲ್ಲಿ ಪಿ-2 ಎಂಬ ಲಾಡ್ಜಿನ ಸದಸ್ಯರ ಪಟ್ಟಿ ಪೊಲೀಸರ ಕೈಗೆ ಸಿಕ್ಕಿತು. ಮಂತ್ರಿಗಳು, ಸೇನಾಧಿಕಾರಿಗಳು, ಬ್ಯಾಂಕಿನವರು ಎಲ್ಲ ಅದರಲ್ಲಿದ್ದರು. ಸರ್ಕಾರವೇ ಬಿದ್ದುಹೋಯಿತು. ಅಲ್ಲಿ ತಪ್ಪಾಗಿದ್ದು ಕೈಕುಲುಕಿನಿಂದಲ್ಲ, ಹಣವನ್ನೂ ಅಧಿಕಾರವನ್ನೂ ಕತ್ತಲಲ್ಲಿ ಇಟ್ಟದ್ದರಿಂದ. ಆದ್ದರಿಂದ ನಿಮ್ಮ ಯಜಮಾನರಿಗೆ ನೀವು ಹೇಳಬೇಕಾದ ಮಾತು ಇಷ್ಟು: "ನಿಮ್ಮ ಸನ್ನೆ, ಶಬ್ದ ನಿಮ್ಮಲ್ಲೇ ಇರಲಿ, ನಾ ಕೇಳಂಗಿಲ್ಲ. ರೊಕ್ಕದ ಲೆಕ್ಕ, ಹೋಗಿ ಬರೋ ಲೆಕ್ಕ ಮಾತ್ರ ನನಗ ಗೊತ್ತಿರಬೇಕು." ಜಗಳದ ದನಿಯಲ್ಲಿ ಬೇಡ, ಊಟ ಆದ ಮೇಲೆ ಶಾಂತವಾಗಿ ಹೇಳಿ.

ರೊಕ್ಕದ ಮಾತು ಸಣ್ಣದಲ್ಲ. ಪ್ರವೇಶ ಶುಲ್ಕ, ವರ್ಷದ ಚಂದಾ, ಕಪ್ಪು ಸೂಟು, ಏಪ್ರನ್, ಊಟದ ಪಾಲು, ಬಸ್ಸು, ರಾತ್ರಿ ವಸತಿ, ಆಗಾಗ ಧರ್ಮಕಾರ್ಯಕ್ಕೆ ವಂತಿಗೆ ಇವೆಲ್ಲ ಸೇರಿ ವರ್ಷಕ್ಕೆ ಎಷ್ಟಾಗುತ್ತದೆಂದು ಆ ಹಿರಿಯರನ್ನೇ ಕೇಳಿ ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ಅದರಲ್ಲೂ ಮೊದಲ ವರ್ಷದ್ದನ್ನು. ಆ ಮೊತ್ತ ಮಗಳ ಹಾಸ್ಟೆಲ್ ಫೀಗೂ ಅಂಗಡಿಯ ಮಾಲಿಗೂ ಕೈಹಾಕದೆ ಹೊಂದುತ್ತದೆಯೇ ಎಂದು ಇಬ್ಬರೂ ಕೂತು ನೋಡಿ. ಸಾಲ ಮಾಡಿ ಸೇರುವುದಾದರೆ ಬೇಡ, ಇದರಲ್ಲಿ ನನ್ನದು ಎರಡು ಮಾತಿಲ್ಲ. ಅವರ ನಿಯಮವೂ ಅದೇ ಹೇಳುತ್ತದೆ, ತನಗೂ ತನ್ನನ್ನು ನಂಬಿದವರಿಗೂ ತೊಂದರೆಯಾಗದಷ್ಟರ ಮಟ್ಟಿಗೆ ಮಾತ್ರ ಸಹಾಯ ಮಾಡಬೇಕು. ವ್ಯಾಪಾರ ಕುದುರುತ್ತದೆಂಬ ಆಸೆಯಿಂದ ಸೇರುವಂತಿಲ್ಲ, ಲಾಭದ ಉದ್ದೇಶವಿಲ್ಲವೆಂದು ಸೇರುವವನು ಬಾಯಿಬಿಟ್ಟು ಹೇಳಬೇಕು. ನಿಮ್ಮವರ ಮನಸ್ಸಿನ ಮೂಲೆಯಲ್ಲಿ ಡೀಲರ್‌ಶಿಪ್ಪಿನ ಆಸೆ ಇದ್ದರೆ ಅದನ್ನು ಈಗಲೇ ಹೊರಗೆ ತೆಗೆಯಲಿ. ಇಲ್ಲದಿದ್ದರೆ ಅವರಿಗೂ ನಿರಾಶೆ, ಆ ಹಿರಿಯರಿಗೂ ಬೇಸರ. ಸಭೆಯಾದ ಮೇಲೆ ಊಟವಿರುತ್ತದೆ, ಕೆಲವು ಕಡೆ ಶುಭ ಕೋರುವ ನೆವದಲ್ಲಿ ಮದ್ಯವೂ ಇರುತ್ತದೆ. ಕುಡಿಯಲೇಬೇಕೆಂಬ ಕಟ್ಟಳೆ ಇಲ್ಲ.

ಇನ್ನು ಅಣ್ಣನ ಮಾತು. ನಿಮ್ಮ ಪತ್ರವನ್ನು ನಾನು ಮತ್ತೆ ಮತ್ತೆ ಓದಿದ್ದು ಈ ಭಾಗಕ್ಕಾಗಿ.

ಬೀಜ, ಗೊಬ್ಬರದ ಅಂಗಡಿಯ ಗಲ್ಲೆಯ ಹಿಂದೆ ಕುಳಿತವನ ದಿನ ಹೇಗಿರುತ್ತದೆಂದು ಯೋಚಿಸಿ ನೋಡಿ. ಮುಂದೆ ಬಂದು ನಿಲ್ಲುವವರೆಲ್ಲ ಒಂದೋ ಇವನಿಗೆ ಬಾಕಿ ಕೊಡಬೇಕಾದವರು, ಇಲ್ಲ ಇವನಿಂದ ಬಾಕಿ ಕೇಳಲು ಬಂದ ಕಂಪನಿಯವರು. ಜೊತೆಗೆ ಶಾಲೆ ಕಲಿತ ಗೆಳೆಯನೂ ಉದ್ರಿ ತೆಗೆದುಕೊಂಡ ಮೇಲೆ ಎದುರಿಗೆ ಬಂದರೆ ದಾರಿ ಬದಲಿಸುತ್ತಾನೆ. ಬಾಕಿಯ ಲೆಕ್ಕವಿಲ್ಲದೆ ಕುಳಿತು ಮಾತಾಡಬಹುದಾದ ಒಬ್ಬನೇ ಒಬ್ಬ ಗಂಡಸು ಅಂದರೆ ಒಡಹುಟ್ಟಿದ ಅಣ್ಣ. ಆ ಬಾಗಿಲು ಆರು ವರ್ಷದ ಹಿಂದೆ ಮುಚ್ಚಿತು. ನಲವತ್ತು ದಾಟಿದ ಗಂಡಸರಿಗೆ ನಮ್ಮ ಊರುಗಳಲ್ಲಿ ಗೆಳೆಯರು ಎಷ್ಟು ಕಡಿಮೆ ಎಂಬುದನ್ನು ಹೆಂಡಂದಿರು ಬರೆದ ಪತ್ರಗಳಿಂದಲೇ ನಾನು ತಿಳಿದಿದ್ದೇನೆ. ಗಂಡಸರು ಇದನ್ನು ಬರೆಯುವುದಿಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ. ಸ್ವಂತ ಅಣ್ಣನನ್ನು ಬಿಟ್ಟು ಹೊರಗಿನವರನ್ನು ಅಣ್ಣ ಅನ್ನಲು ಹೊರಟಿದ್ದಾರೆ ಎಂದು ನೀವು ನೊಂದಿದ್ದೀರಿ. ನನಗೆ ಕಾಣುವುದು ಹೀಗೆ: ಅಣ್ಣ ಇಲ್ಲವಾದದ್ದರಿಂದಲೇ ಅವರು ಅಣ್ಣತಮ್ಮಂದಿರನ್ನು ಹುಡುಕುತ್ತಿದ್ದಾರೆ. ನಿಮ್ಮ ನೋವು, ಅವರ ಆಸೆ ಎರಡೂ ಹುಟ್ಟಿದ್ದು ಒಂದೇ ಜಾಗದಲ್ಲಿ.

ಹಾಗಾಗಿ 'ಮೊದಲು ನಿಮ್ಮಣ್ಣನ ಮನಿಗೆ ಹೋಗ್ರಿ, ಆಮ್ಯಾಲೆ ಬೆಳಗಾವಿ' ಎಂದು ಷರತ್ತು ಹಾಕಬೇಡಿ. ಷರತ್ತಿಗೆ ಬಿದ್ದು ಅಣ್ಣನ ಮನೆಗೆ ಹೋದವನು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು ಬರುತ್ತಾನೆ, ಮನಸ್ಸು ಅಲ್ಲಿಗೆ ಹೋಗಿರುವುದಿಲ್ಲ. ಎರಡನ್ನೂ ಬೇರೆ ಬೇರೆ ದಿನ ಮಾತಾಡಿ. ಲಾಡ್ಜಿನ ಒಂದು ಹಳೆಯ ನಿಯಮ ಮಾತ್ರ ನಿಮಗೆ ತಿಳಿದಿರಲಿ. ತನ್ನೊಡನೆ ಮನಸ್ತಾಪವಿರುವ ಸದಸ್ಯ ಒಳಗಿದ್ದರೆ ಏಪ್ರನ್ ಕಟ್ಟಿಕೊಂಡು ಒಳಗೆ ಹೋಗಬಾರದು. ಅವನನ್ನು ಹೊರಗೆ ಕರೆದು, ಮಾತಾಡಿ, ಸರಿ ಮಾಡಿಕೊಂಡು ಇಬ್ಬರೂ ಕೂಡಿ ಒಳಗೆ ಹೋಗಬೇಕು. ಸರಿಯಾಗದಿದ್ದರೆ ಇಬ್ಬರೂ ಹೊರಗೇ ಉಳಿಯಬೇಕು. ಈ ನಿಯಮವನ್ನು ಅವರು ಅಲ್ಲಿ ಕಲಿತ ದಿನ ಯಾರ ಮುಖ ನೆನಪಾಗುತ್ತದೆಂದು ನೀವೂ ನಾನೂ ಊಹಿಸಬಹುದು. ನೀವು ಎತ್ತಿ ಆಡುವ ಅಗತ್ಯ ಬೀಳಲಿಕ್ಕಿಲ್ಲ.

ಅಲ್ಲಿಯ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ನಿಮಗೂ ನೆಗೆಣ್ಣಿಗೂ ಸಂತೆಯಲ್ಲಿ ಮಾತಿದೆ ಅಂದಿರಿ. ಆ ಎಳೆ ಇನ್ನೂ ಹರಿದಿಲ್ಲ, ಅದನ್ನು ಹಿಡಿದುಕೊಳ್ಳಿ. ಇಬ್ಬರೂ ಸೇರಿ ಜಗಳದ ಬೇರು ಎಲ್ಲಿದೆ ಎಂದು ಪತ್ತೆ ಮಾಡಿ. ಬಹಳ ಮನೆಗಳಲ್ಲಿ ಪಾಲು ಬಾಯಿಮಾತಿನಲ್ಲಿ ಆಗಿರುತ್ತದೆ, ಪಹಣಿಯಲ್ಲಿ ಜಂಟಿ ಹೆಸರು ಹಾಗೇ ಉಳಿದಿರುತ್ತದೆ, ಪೋಡಿ ಆಗಿರುವುದಿಲ್ಲ. ಬದು ಎಲ್ಲಿ ಎಂಬುದಕ್ಕೆ ಪ್ರತಿ ಬಿತ್ತಿಗೆಯಲ್ಲೂ ತಕರಾರು. ಅಂಥದ್ದಾದರೆ ಮೋಜಣಿ ಮಾಡಿಸಿ ಪೋಡಿ ಮಾಡಿಸಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಬೆಲೆಯ, ಬಾವಿಯ, ತಾಯಿಯ ಪಾಲಿನ ವಿವಾದವಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು, ಕೇಸು ಹಾಕುವ ಮೊದಲೇ ಲೋಕ ಅದಾಲತ್ತಿನಲ್ಲಿ ಕೂತು ಬಗೆಹರಿಸಿಕೊಳ್ಳಬಹುದು. ಅದಕ್ಕೆ ಕೋರ್ಟ್ ಶುಲ್ಕವಿಲ್ಲ, ಅಲ್ಲಿ ಆದ ರಾಜಿಗೆ ಕೋರ್ಟಿನ ತೀರ್ಪಿನಷ್ಟೇ ಬೆಲೆ. ಇಬ್ಬರ ತಾಯಿ ನಿಮ್ಮ ಮನೆಯಲ್ಲೇ ಇದ್ದಾರೆ. ಊಟ ಬಿಡುವ ಹಟವನ್ನು ಅವರು ಲಾಡ್ಜಿನ ಮೇಲೆ ತೋರಿಸುವ ಬದಲು ಈ ಜಗಳದ ಮೇಲೆ ತೋರಿಸಿದ್ದರೆ ಆರು ವರ್ಷ ಆಗುತ್ತಿರಲಿಲ್ಲವೇನೋ. ಅವರ ಮಾತಿಗೆ ಇಬ್ಬರು ಮಕ್ಕಳೂ ಬೆಲೆ ಕೊಡುತ್ತಾರೆಂದು ನನ್ನ ನಂಬಿಕೆ.

ಬೆಳಗಾವಿಗಿಂತ ಹತ್ತಿರದಲ್ಲಿ ಏನೂ ಇಲ್ಲವೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಗದಗದಂಥ ಪೇಟೆಗಳಲ್ಲಿ ರೋಟರಿ, ಲಯನ್ಸ್ ಕ್ಲಬ್ಬುಗಳಿವೆ. ಅಲ್ಲಿ ಗುಟ್ಟಿನ ಆಚರಣೆ ಇಲ್ಲ. ಲಯನ್ಸ್ 1987ರಿಂದ, ರೋಟರಿ 1989ರಿಂದ ಹೆಂಗಸರನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳುತ್ತಿವೆ, ಹಾಗಾಗಿ ನೀವಿಬ್ಬರೂ ಕೂಡಿ ಸೇರಬಹುದು. 1925ರಲ್ಲಿ ಕಣ್ಣು, ಕಿವಿ ಎರಡೂ ಇಲ್ಲದ ಹೆಲೆನ್ ಕೆಲ್ಲರ್ ಲಯನ್ಸ್ ಸಮ್ಮೇಳನಕ್ಕೆ ಬಂದು, ಅಂಧರ ಪರವಾಗಿ ನಿಲ್ಲಿ ಎಂದು ಅವರನ್ನು ಕೇಳಿಕೊಂಡರು. ಅಂದಿನಿಂದ ಕಣ್ಣಿನ ಕೆಲಸ ಆ ಸಂಸ್ಥೆಯ ಮುಖ್ಯ ಕೆಲಸವಾಯಿತು. ನಿಮ್ಮ ಊರಲ್ಲೇ ಜ್ಞಾನಸಿಂಧು ಅಂಧ ಮಕ್ಕಳ ವಸತಿ ಶಾಲೆ ಇದೆ. ಅಲ್ಲಿನ ಮಕ್ಕಳು ಮಲ್ಲಕಂಬ ಏರುವುದನ್ನು ನೀವು ನೋಡಿಯೇ ಇರುತ್ತೀರಿ. ಎಣ್ಣೆ ಹಚ್ಚಿದ ಕಂಬವನ್ನು ಕೈಯಿಂದ, ಪಾದದಿಂದ ಮುಟ್ಟಿ ತಿಳಿದು, ತಲೆಕೆಳಗಾಗಿ ನಿಲ್ಲುತ್ತಾರೆ. ಅಂಥ ಶಾಲೆಗೆ ಜೋಳ, ಬೇಳೆ, ಓದಿ ಹೇಳುವವರು, ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರು ವರ್ಷವಿಡೀ ಬೇಕು. ಸೇವೆಯ ಹಂಬಲ ನಿಜವಾಗಿದ್ದರೆ ನಿಮ್ಮವರಿಗೆ ಈ ವಾರವೇ ಕೆಲಸವಿದೆ, ಅದಕ್ಕೆ ಯಾವ ಲಾಡ್ಜಿನ ಒಪ್ಪಿಗೆಯೂ ಬೇಡ.

ಷಿಕಾಗೋದಲ್ಲಿ ನಾಲ್ವರು ಗೆಳೆಯರು ಕೂಡಿ ರೋಟರಿ ಆರಂಭಿಸಿದ್ದು 1905ರ ಫೆಬ್ರುವರಿಯಲ್ಲಿ. ಅದೇ ವರ್ಷ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಸೇರಿಸಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ಒಬ್ಬರನ್ನೊಬ್ಬರು ಬಿಡಿಸಿಕೊಳ್ಳುವುದೇ ಅವರ ಭ್ರಾತೃತ್ವವಾಗಿತ್ತು. ಭೀಮಾ ತೀರದ ಹಲಸಂಗಿ ಎಂಬ ಸಣ್ಣ ಊರಿನಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾ­ಪಸೆ ರೇವಪ್ಪ ಇವರು ಗೆಳೆಯರಾಗಿ ಕೂಡಿದರು. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ಹಾಡುಗಳನ್ನು ಬರೆದುಕೊಂಡರು. ಅದು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವಾಗಿ ಬಂತು. ಆ ಗೆಳೆತನಕ್ಕೆ ಸೂಟೂ ಬೇಕಾಗಲಿಲ್ಲ, ಚಂದಾವೂ ಬೇಕಾಗಲಿಲ್ಲ. ಮನೆಯ ಹೆಂಗಸರು ಅದರ ಹೊರಗೂ ಉಳಿಯಲಿಲ್ಲ, ಆ ಪುಸ್ತಕದ ತುಂಬ ಇರುವುದು ಅವರದೇ ದನಿ. ಇಂಥ ಕೂಟ ನಿಮ್ಮ ಊರಲ್ಲೂ ಆಗಬಹುದು. ಹೊಳೆ ತುಂಬಿ ಬಂದ 2009ರಲ್ಲಿ, 2019ರಲ್ಲಿ ಮಲಪ್ರಭೆ ದಂಡೆಯ ಊರುಗಳು ಏನು ಅನುಭವಿಸಿದವೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಬಾಗಿಲಿಗೆ ಬರುವವರು ಊರವರು. ಯಜಮಾನರು ಬೆಳಗಾವಿಯ ಅಣ್ಣತಮ್ಮಂದಿರನ್ನು ಪಡೆಯಲಿ, ಊರಿನವರನ್ನು ಕಳೆದುಕೊಳ್ಳುವುದು ಬೇಡ.

ಇದನ್ನು ಬದಲಿ ದಾರಿ ಎಂದು ಅವರ ಮೇಲೆ ಹೇರಬೇಡಿ. ಅವರಿಗೆ ಹಿಡಿಸಿರುವುದು ಆ ಹಿರಿಯ ವ್ಯಾಪಾರಿಯ ನಡೆನುಡಿ. ತನಗಿಂತ ದೊಡ್ಡವರು ತನ್ನನ್ನು ಸರಿಸಮ ಕೂರಿಸಿಕೊಂಡು ಮಾತಾಡಿದ್ದು ಅವರಿಗೆ ಬಹಳ ದಿನದ ಮೇಲೆ ಸಿಕ್ಕ ಮರ್ಯಾದೆ. ಆ ಹಿರಿಯರನ್ನು ಒಂದು ದಿನ ಊಟಕ್ಕೆ ಕರೆಯಿರಿ. ಕಡಕ್ ರೊಟ್ಟಿ, ಎಣ್ಣೆಗಾಯಿ ಬಡಿಸಿ, ಅತ್ತೆಯವರೂ ಅಲ್ಲೇ ಕೂರಲಿ. ಅವರ ಮಾತು, ಕಣ್ಣು, ಊಟದ ಮನೆಯಲ್ಲಿ ಅವರು ನಡೆದುಕೊಳ್ಳುವ ರೀತಿ ನೋಡಿದರೆ ನಿಮಗೆ ಮುಕ್ಕಾಲು ಉತ್ತರ ಸಿಗುತ್ತದೆ. ಓಣಿಯ ಮಾತಿಗೂ ಅದೇ ಔಷಧ. ಹಗಲು ಹೊತ್ತಿನಲ್ಲಿ ಮನೆಗೆ ಬಂದು ಮುತ್ತೈದೆಯ ಕೈಯ ಊಟ ಉಂಡು ಹೋದವರ ಬಗ್ಗೆ ಜನ ಹಗುರವಾಗಿ ಆಡುವುದಿಲ್ಲ.

ಕೊನೆಗೆ ನನ್ನ ತೀರ್ಮಾನ. ಹೋಗಬೇಡಿ ಎನ್ನಬೇಡಿ. ಲಾಡ್ಜಿಗೆ ಸೇರುವುದು ಒಂದೇ ದಿನದಲ್ಲಿ ಆಗುವ ಕೆಲಸವೂ ಅಲ್ಲ. ಒಬ್ಬ ಸದಸ್ಯರು ಹೆಸರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಕೆಲವರು ಭೇಟಿಯಾಗಿ ವಿಚಾರಿಸುತ್ತಾರೆ, ಆಮೇಲೆ ಸದಸ್ಯರು ಬಿಳಿ ಗುಂಡು, ಕರಿ ಗುಂಡು ಹಾಕಿ ಗುಪ್ತ ಮತದಾನ ಮಾಡುತ್ತಾರೆ. ಹೀಗೆ ವಿಚಾರಿಸುವವರು ಬಹಳ ಕಡೆ ಮನೆಗೇ ಬಂದು, ಇವರು ಸೇರುವುದು ನಿಮಗೆ ಒಪ್ಪಿಗೆಯೇ ಎಂದು ಹೆಂಡತಿಯನ್ನು ಕೇಳುತ್ತಾರೆ. ಹಾಗೆ ಬಂದರೆ ಒಳಮನೆಗೆ ಹೋಗಿಬಿಡಬೇಡಿ, ಅವರೆದುರು ಕುಳಿತು ಶುಲ್ಕ, ಪ್ರಯಾಣ, ಲಿಂಗದ ಕರಡಿಗೆ, ಮದ್ಯ, ಎಲ್ಲದರ ಬಗ್ಗೆಯೂ ಕೇಳಿ. ಮನೆಗೆ ಬರುವ ಪದ್ಧತಿ ಅಲ್ಲಿ ಇಲ್ಲದಿದ್ದರೆ, ಅರ್ಜಿಗೆ ಸಹಿ ಬೀಳುವ ಮೊದಲು ಯಜಮಾನರ ಜೊತೆ ಒಮ್ಮೆ ಬೆಳಗಾವಿಗೆ ನೀವೇ ಹೋಗಿ ಆ ಹಿರಿಯರನ್ನು ಕೇಳಿ. ನೇರವಾದ ಉತ್ತರ ಬಂದರೆ ಸಂತೋಷದಿಂದ ಹೂಂ ಅನ್ನಿ. ಉತ್ತರ ತಪ್ಪಿಸಿ ಮಾತು ತಿರುಗಿಸಿದರೆ ಅಲ್ಲೇ, ಯಜಮಾನರ ಎದುರಿಗೇ, ನಮಗೆ ಇದು ಬೇಡ ಎಂದು ಹೇಳಿ.